ಭಾವನ ಹಳದಿ ಹಗ್ಗ

ಹಳೆಯ ಪೇಪರುಗಳನ್ನು ಕಟ್ಟಿ ಗುಜರಿಗೆ ಹಾಕೋಣವೆಂದು ಮೊನ್ನೆ ಹಗ್ಗ ಹುಡುಕಿದೆ. ಬೆಳುವಾಯಿಯ ನಮ್ಮ ಮನೆಯಲ್ಲಿ ಬೇಕಾದ ವಸ್ತು ಬೇಕಾದಾಗ ಸಿಕ್ಕಿದ ದಾಖಲೆ ಇಲ್ಲ. ಹೇಗೂ ವೇಣೂರಿಗೆ ಅಕ್ಕನ ಮನೆಗೆ ಹೋಗುವುದಿತ್ತು. ಅಲ್ಲಿ ಹಿತ್ತಿಲಲ್ಲಿ ಎರಡು ಕಂಬಗಳ ನಡುವೆ ಬಟ್ಟೆ ಒಣಹಾಕುವ ಹಳದಿ ನೈಲಾನ್ ಹಗ್ಗ ಕಂಡಿತು. ಗಂಟಿನಿಂದಾಚೆ ಅದರ ತುದಿ ಸುಮ್ಮನೆ ಜೋತಾಡುತ್ತಿತ್ತು. "ಅಕ್ಕಾ, ಇದರ ತುದಿ ಸ್ವಲ್ಪ ಕತ್ತರಿಸಿಕೊಳ್ಳಲಾ?" ಎಂದೆ.

"ಕೈ ಹಾಕಿದ್ರೆ ಜಾಗ್ರತೆ," ಎಂದಳು ಅಕ್ಕ. "ಬೇಕಾದ್ರೆ ಬಾವಿಯ ಹಗ್ಗ ತಕೊಂಡು ಹೋಗು. ಅದನ್ನು ಕೊಡ್ಲಿಕ್ಕಿಲ್ಲ."

ಬಾವಿಯ ಹಗ್ಗವನ್ನೇ ಕೊಡಲು ತಯಾರಿರುವವಳಿಗೆ ಬಟ್ಟೆಯ ಹಗ್ಗದ ತುಂಡಿನ ಮೇಲೆ ಇದೆಂಥ ಜಿಪುಣತನ ಎಂದು ನಿಮಗನ್ನಿಸಬಹುದು. ಆ ಹಗ್ಗದ ಹಿಂದೆ ಒಂದು ದೊಡ್ಡ ಸುತ್ತಾಟವೇ ಇದೆ. ಪುರುಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ಅಕ್ಕನ ಗಂಡ ಸಂಜೀವ ಭಾವ, ಮದುವೆಯಾದ ಮರುವರ್ಷವೇ ಗಲ್ಫಿಗೆ ಹೋದವರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವಾಗ ಜೊತೆಗೊಂದು ರಟ್ಟಿನ ದೊಡ್ಡ ಪೆಟ್ಟಿಗೆ ಇರುತ್ತಿತ್ತು. ಅದಕ್ಕೆ ಉದ್ದಕ್ಕೂ ಅಡ್ಡಕ್ಕೂ ಹಳದಿ ಹಗ್ಗದ ಬಿಗಿತ, ಎಲ್ಲ ಮಗ್ಗುಲಿಗೂ ದಪ್ಪಕ್ಷರದಲ್ಲಿ 'ಸಂಜೀವ, ವೇಣೂರು'. ನಮ್ಮ ಕಡೆ ಗಲ್ಫಿನ ಪೆಟ್ಟಿಗೆ ಬಿಚ್ಚುವುದೆಂದರೆ ಒಂದು ಶಾಸ್ತ್ರವೇ ಸರಿ. ನೆರೆಹೊರೆಯವರು ಚಾವಡಿಯಲ್ಲಿ ಸೇರಬೇಕು, ಮನೆಯ ಯಜಮಾನಿಯೇ ಗಂಟು ಬಿಚ್ಚಬೇಕು. ಸೋಪು, ಸೆಂಟು, ಹಾಲಿನ ಪುಡಿ, ತಲೆನೋವಿನ ಮುಲಾಮು ಒಂದೊಂದಾಗಿ ಹೊರಬಂದು ಕೈಯಿಂದ ಕೈಗೆ ದಾಟುತ್ತಿದ್ದವು. ನನಗೆ ಪ್ರತಿ ಸಲವೂ ಟಾರ್ಚು. ಈಗಲೂ ಕರೆಂಟು ಹೋದರೆ ನಮ್ಮಲ್ಲಿ ಟಾರ್ಚಿಗೆ ಬರವಿಲ್ಲ, ಸೆಲ್ಲು ಮಾತ್ರ ಇರುವುದಿಲ್ಲ. ರಜೆ ಮುಗಿಯುವಾಗ ಅದೇ ಪೆಟ್ಟಿಗೆ ಹಪ್ಪಳ, ಉಪ್ಪಿನಕಾಯಿ, ಒಣಮೀನು ತುಂಬಿಕೊಂಡು, ಅದೇ ಹಗ್ಗ ಬಿಗಿಸಿಕೊಂಡು ಜಗಲಿಗೆ ಬರುತ್ತಿತ್ತು. ಆಗ ಅಕ್ಕ ಏನೋ ಕೆಲಸ ನೆನಪಾದವಳಂತೆ ಒಳಗೆ ಹೋಗಿಬಿಡುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಭಾವ ದೀರ್ಘ ರಜೆಯಲ್ಲಿ ಬಂದರು. ಆರು ತಿಂಗಳೊಳಗೆ ವಾಪಸು ಹೋಗದಿದ್ದರೆ ವೀಸಾ ರದ್ದಾಗುತ್ತದೆ. ಹೋಗಬೇಕೋ, ಊರಲ್ಲೇ ನಿಲ್ಲಬೇಕೋ ಎಂಬುದು ಅವರಿಗೇ ತೀರ್ಮಾನವಾಗಿರಲಿಲ್ಲ. ಮನೆಯಲ್ಲಿ ಕಷ್ಟವೇನೂ ಇರಲಿಲ್ಲ, ಅದೇ ಕಷ್ಟವಾಗಿತ್ತು. ಕುಳಿತಲ್ಲಿಗೆ ಚಾ, ಮೀನಿನ ದೊಡ್ಡ ತುಂಡು ಅವರ ಬಟ್ಟಲಿಗೆ. ಒಂದು ಬಕೆಟ್ ಎತ್ತಹೋದರೂ "ನೀವು ಬಿಡಿ" ಎಂದು ಯಾರಾದರೂ ಕಸಿದುಕೊಳ್ಳುತ್ತಿದ್ದರು. ಹೀಗೇ ಒಂದು ದಿನ ನನ್ನೆದುರು ಹೇಳಿದರು. "ಇಂಡಿಯಾ ನೋಡ್ಬೇಕು ಮಾರಾಯ. ಗಲ್ಫಿನಲ್ಲಿ ಕೆಲಸಗಾರರ ಕ್ಯಾಂಪಿನಲ್ಲಿ ಪಂಜಾಬಿನವರು, ಬಿಹಾರದವರು ಊರಿಗೆ ಬಾ ಅಂತ ಕರೆದದ್ದೇ ಕರೆದದ್ದು. ನಾನು ಕಂಡ ಇಂಡಿಯಾ ಅಂದ್ರೆ ಬಜ್ಪೆ ಏರ್‌ಪೋರ್ಟಿನಿಂದ ವೇಣೂರಿನವರೆಗೆ. ನಾವಿಬ್ಬರು ಹೋಗುವ."

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. "ನೀನು ಹೋಗು. ವೀಸಾದ ದಿನ ದಾಟುವಷ್ಟು ಸುತ್ತಿಸಿಕೊಂಡು ಬಾ. ಹೋಗ್ಬೇಡಿ ಅಂತ ನಾನು ಬಾಯಿಬಿಟ್ಟು ಹೇಳ್ಲಿಕ್ಕಿಲ್ಲ. ನಾಳೆ ಬೇಜಾರಾದ್ರೆ, ಇವಳೇ ನನ್ನನ್ನು ಕಟ್ಟಿಹಾಕಿದ್ದು ಅಂತ ಅವರಿಗೆ ಅನ್ನಿಸಬಾರದು." ಹೇಳುವಾಗ ಅವಳ ದನಿ ಒಡೆಯಿತು. ನಾನು ಆಗಲಿ ಎಂದೆ.

ನನ್ನನ್ನು ದೇಶ ಸುತ್ತಿಸುವ ಕೆಲಸಕ್ಕೆ ನೇಮಿಸಿದ್ದೇ ತಮಾಷೆ. ನನ್ನ ಸರಕಾರಿ ನೌಕರಿಯೆಲ್ಲ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆಯೇ ಮುಗಿದಿತ್ತು. ಒಮ್ಮೆ ಬೆಳ್ತಂಗಡಿಯಾಚೆ ನಾಲ್ಕು ಹೆಜ್ಜೆಯ ಕಕ್ಕಿಂಜೆಗೆ ಹಾಕಿದಾಗ ಗಡಿಪಾರಾಯಿತೆಂದು ಊಟ ಬಿಟ್ಟವನು ನಾನು. ಅವಧಿಗೆ ಮೊದಲೇ ನಿವೃತ್ತಿ ಪಡೆದು ಮನೆಯಲ್ಲಿ ಕಾಲಿಗೆ ತೊಡರುತ್ತಿದ್ದವನು ಹೊರಡುತ್ತಾನೆಂದು ಹೆಂಡತಿ ಸಂತೋಷದಿಂದಲೇ ಚಕ್ಕುಲಿ ಕರಿದಳು. ಮಾತ್ರೆಗಳ ಒಂದು ಚೀಲ, ಸಾಮಾನಿಗೆ ಬಿಗಿಯಲು ಸರಪಳಿ ಮತ್ತು ಬೀಗ ಹಿಡಿದುಕೊಂಡು ನಾನು ರೈಲು ಹತ್ತಿದೆ. ಬೀಗದ ಕೈ ರತ್ನಾಗಿರಿಯ ಹತ್ತಿರ ಎಲ್ಲೋ ಕಳೆಯಿತು. ಪಕ್ಕದ ಪ್ರಯಾಣಿಕನೊಬ್ಬ ಸೇಫ್ಟಿ ಪಿನ್ನಿನಲ್ಲಿ ಬೀಗ ತೆರೆದುಕೊಟ್ಟ ಮೇಲೆ ಅದರ ಮೇಲಿನ ನಂಬಿಕೆಯೂ ಹೋಯಿತು.

ಸ್ಲೀಪರ್ ಬೋಗಿ, ಸರಕಾರಿ ಬಸ್ಸು, ಧರ್ಮಶಾಲೆ, ಗುರುದ್ವಾರದ ಊಟ, ಹೀಗೆ ನಡೆಯಿತು ನಮ್ಮ ದೇಶ ಸಂಚಾರ. ಗುಜರಾತು, ರಾಜಸ್ಥಾನ, ಪಂಜಾಬು ಕಳೆದವು. ವೇಣೂರಿನ ದೊಡ್ಡ ಮಂಚದಲ್ಲಿ ಹೊರಳಾಡುತ್ತಿದ್ದ ಭಾವ ರೈಲಿನ ಮೇಲಿನ ಬರ್ತಿಗೆ ಹತ್ತಿದ ಕೂಡಲೇ ಗೊರಕೆ ಹೊಡೆಯುತ್ತಿದ್ದರು. ಕ್ಯಾಂಪಿನಲ್ಲಿ ಅವರದು ಯಾವಾಗಲೂ ಮೇಲಿನ ಹಾಸಿಗೆಯಂತೆ. ನನ್ನ ಹಿಂದಿ ಪರೀಕ್ಷೆಗಾಗಿ ಓದಿದ್ದು, ಅವರದು ಅನ್ನಕ್ಕಾಗಿ ಕಲಿತದ್ದು. ನಾನು ವ್ಯಾಕರಣ ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವರು ಎದುರಿನವರ ರೊಟ್ಟಿಯಲ್ಲಿ ಪಾಲು ಪಡೆದಾಗಿರುತ್ತಿತ್ತು. ಇಬ್ಬರಿಗೂ ಒಂದೇ ಕೊರಗು ಕುಚ್ಚಲಕ್ಕಿ ಗಂಜಿಯದು. ಗಟ್ಟಿ ರೊಟ್ಟಿ ಮುರಿಯುವಾಗೆಲ್ಲ ಭಾವ ಕಣ್ಣು ಮುಚ್ಚಿ, "ಈಗ ಒಂದು ಬಟ್ಟಲು ಗಂಜಿ, ಒಂದು ಚಟ್ನಿ," ಎಂದು ನಿಟ್ಟುಸಿರು ಬಿಡುತ್ತಿದ್ದರು. ಅವರಿಗೆ ಮನೆ ನೆನಪಾಯಿತೆಂದು ನಾನು ಒಳಗೊಳಗೇ ಖುಷಿಪಡುತ್ತಿದ್ದೆ.

ಬಿಹಾರದ ಸಿವಾನ್ ಹತ್ತಿರದ ಹಳ್ಳಿಯಲ್ಲಿ ರಾಮ್‌ಪ್ರವೇಶ್ ಎಂಬವರ ಮನೆಗೆ ಹೋದೆವು. ಕ್ಯಾಂಪಿನಲ್ಲಿ ಭಾವನ ಕೆಳಗಿನ ಹಾಸಿಗೆಯವರು, ಕೆಲಸ ಬಿಟ್ಟು ಊರಿಗೆ ಮರಳಿದ್ದರು. ಗೆಳೆಯರಿಬ್ಬರೂ ತಬ್ಬಿಕೊಂಡು ಅತ್ತರು, ನನಗೂ ಕಣ್ಣು ತುಂಬಿತು. ಮಾತಿನ ನಡುವೆ ಮಳೆಮೋಡ ಕವಿಯಿತು. ಅವರ ಹೆಂಡತಿ ಒಳಗಿನಿಂದಲೇ ಬೈಯಲು ಶುರುಮಾಡಿದರು. ತಾರಸಿಯಲ್ಲಿ ಗೋಧಿ ಹರಡಿ ಮರೆತು ಹರಟೆ ಹೊಡೆಯುವ ಗಂಡನ ಪೂರ್ವಾಪರವೆಲ್ಲ ಹೊರಬಂತು. ರಾಮ್‌ಪ್ರವೇಶ್ ನಗುತ್ತ ಮೆಟ್ಟಿಲು ಹತ್ತಿ ಓಡಿದರು. ನಾವೂ ಹಿಂದೆಯೇ ಓಡಿ ಗೋಧಿ ಬಳಿದೆವು.

ಮರಳುವ ಬಸ್ಸಿನಲ್ಲಿ ಭಾವ ಕೇಳಿದರು. "ಎಂಥ ಬೈಗುಳ ಕೇಳಿದೆಯಾ?"

"ಪಾಪ," ಎಂದೆ.

"ಪಾಪ ಎಂತದು? ಪುಣ್ಯವಂತ! ನನ್ನನ್ನು ಮನೆಯಲ್ಲಿ ಒಬ್ಬರೂ ಬೈಯುವುದಿಲ್ಲ, ಗೊತ್ತುಂಟಾ? ನೆಂಟರನ್ನು ಯಾರಾದ್ರೂ ಬೈತಾರಾ?" ಟಿಕೆಟನ್ನು ಮಡಚಿ ಜೇಬಿಗಿಟ್ಟು ಮುಂದುವರಿಸಿದರು. "ಅಲ್ಲಿ ಕ್ಯಾಂಪಿನಲ್ಲಿ ನನ್ನದೇ ಅಂತ ಒಂದು ಹಾಸಿಗೆ ಉಂಟು. ನಾನು ತಡ ಮಾಡಿದ್ರೆ ಬೈಯುವವರು ಉಂಟು. ವಾಪಸು ಹೋಗುವುದೇ ಒಳ್ಳೆಯದಾ ಅಂತ ಕಾಣ್ತದೆ."

ಅಕ್ಕನ ಮುಖ ಕಣ್ಣ ಮುಂದೆ ಬಂದು ದುಃಖವಾಯಿತು.

ಪುರಿ ತಲುಪುವಾಗ ಭಾವನ ಚೀಲದ ಜಿಪ್ಪು ಹರಿದು ಹೋಯಿತು. ಅವರು ಅಂಗಡಿಯೊಂದರಿಂದ ಬಿಸ್ಕತ್ತಿನ ಖಾಲಿ ರಟ್ಟಿನ ಪೆಟ್ಟಿಗೆ ತಂದರು, ಹಳದಿ ಹಗ್ಗವನ್ನೂ ತಂದರು. ಒಗೆಯದ ಲುಂಗಿ, ಬನಿಯನ್ನುಗಳನ್ನೆಲ್ಲ ತುಂಬಿ, ಮೊಣಕಾಲು ಊರಿ ಹಗ್ಗ ಬಿಗಿದರು. ಆಮೇಲೆ ಎಲ್ಲ ಮಗ್ಗುಲಿಗೂ ದಪ್ಪಕ್ಷರದಲ್ಲಿ ಹೆಸರು ಬರೆದರು.

"ಕೊಳೆಬಟ್ಟೆಗೆ ಇಷ್ಟು ಮರ್ಯಾದೆಯಾ ಭಾವ?"

"ಕೈಗೆ ಬೇರೆ ಥರ ಕಟ್ಟಿ ಗೊತ್ತಿಲ್ಲ ಮಾರಾಯ."

ಅಕ್ಕ ಹೇಳಿದಷ್ಟು ಸುತ್ತಿಸಲು ನನ್ನಿಂದಾಗಲಿಲ್ಲ. ಸೊಂಟ ಸೋತಿತು. ಬಂಟ್ವಾಳ ಸ್ಟೇಷನ್ನಿನಲ್ಲಿ ಇಳಿದಾಗ ವೀಸಾದ ಗಡುವಿಗೆ ಇನ್ನೂ ಕೆಲವು ವಾರಗಳಿದ್ದವು. ಬಸ್ಸಿನ ಕಂಡಕ್ಟರ್ ಪೆಟ್ಟಿಗೆಯನ್ನು ಜೋಪಾನವಾಗಿ ಇಟ್ಟು, "ದುಬೈಯಿಂದ ಇವತ್ತು ಬಂದದ್ದಾ?" ಎಂದು ಕೇಳಿದ. "ಅಲ್ಲ, ಪುರಿಯಿಂದ," ಎಂದರು ಭಾವ. ಅವನು ನಂಬಲಿಲ್ಲ.

ವೇಣೂರಿನಲ್ಲಿ ಜಗಲಿಗೆ ಬಂದ ಅಕ್ಕ ಹಗ್ಗ ಬಿಗಿದ ಪೆಟ್ಟಿಗೆಯನ್ನು ಕಂಡು ನಿಂತುಬಿಟ್ಟಳು. ನನ್ನ ಹತ್ತಿರ ಬಂದು ಮೆಲ್ಲಗೆ, "ಹೋಗುವ ಪೆಟ್ಟಿಗೆ ಕಟ್ಟಿಕೊಂಡೇ ಬಂದ್ರಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಪೆಟ್ಟಿಗೆ ಕಂಡ ನೆರೆಯವರು ವಾಡಿಕೆಯಂತೆ ಒಬ್ಬೊಬ್ಬರಾಗಿ ಬಂದು ಚಾವಡಿಯಲ್ಲಿ ಕುಳಿತರು. ಬಂದವರೆದುರು ಮತ್ತೇನು ಮಾಡುವುದು? ಅಕ್ಕ ಕುಳಿತು ಗಂಟು ಬಿಚ್ಚಿದಳು.

ಮೊದಲು ಹೊರಬಂದದ್ದು ವಾಸನೆ. ಆಮೇಲೆ ಒಂದು ಲುಂಗಿ, ಇನ್ನೊಂದು ಲುಂಗಿ, ಮಣ್ಣು ಬಣ್ಣಕ್ಕೆ ತಿರುಗಿದ ಬನಿಯನ್ನು. ಅಕ್ಕ ತಳದವರೆಗೂ ಕೈಯಾಡಿಸಿದಳು. ನೆರೆಯವರು ಮುಖ ಮುಖ ನೋಡಿಕೊಂಡರು.

"ಎಂತ ಇದು?" ಅಕ್ಕನ ದನಿ ಏರಿತು. "ಪುರಿಯಿಂದ ಇಲ್ಲಿವರೆಗೆ ಕೊಳೆಬಟ್ಟೆ ಹೊತ್ತುಕೊಂಡು ಬಂದದ್ದಾ? ದಾರಿಯಲ್ಲಿ ಎಲ್ಲಿಯೂ ನೀರಿರ್ಲಿಲ್ವಾ? ಎಲ್ಲರೆದುರು ನನ್ನ ಮರ್ಯಾದೆ ತೆಗೆದ್ರಿ! ನಾನಂತೂ ಒಗೀಲಿಕ್ಕಿಲ್ಲ. ಕಲ್ಲು ಅಲ್ಲುಂಟು, ಸೋಪು ಅಲ್ಲುಂಟು, ನೀವೇ ಒಗೀರಿ!"

ನಾನು ಭಾವನನ್ನು ನೋಡಿದೆ. ಅವರ ಮುಖ ಅರಳಿತ್ತು. ಇಷ್ಟು ವರ್ಷ ಇಸ್ತ್ರಿಯ ಅಂಗಿಯಲ್ಲಿ ಬಂದು ಸೆಂಟು ಹಂಚಿದ ಯಾವ ದಿನವೂ ನಾನು ಆ ಮುಖ ಕಂಡಿರಲಿಲ್ಲ. "ಆಯ್ತು ಮಾರಾಯ್ತಿ, ಒಗೀತೇನೆ," ಎಂದು ಲುಂಗಿಗಳನ್ನು ಬಾಚಿಕೊಂಡು ಬಾವಿಕಟ್ಟೆಗೆ ನಡೆದರು. ಒಣಹಾಕಲು ಜಾಗ ಸಾಲದೆ ಪೆಟ್ಟಿಗೆಯ ಹಗ್ಗವನ್ನೇ ಎರಡು ಕಂಬಕ್ಕೆ ಬಿಗಿದರು. ವೀಸಾದ ದಿನ ಬಂತು, ಹೋಯಿತು. ಹಗ್ಗ ಅಲ್ಲೇ ಉಳಿಯಿತು.

ಮೊನ್ನೆ ನಾನು ಅದರ ತುದಿ ಮುಟ್ಟಿ ನಿಂತಿದ್ದಾಗ ಭಾವ ಬಕೆಟ್ ಹಿಡಿದು ಬಂದರು. ಒಳಗಿನಿಂದ ಅಕ್ಕನ ದನಿ ಕೇಳಿತು. "ನಿನ್ನೆಯ ಲುಂಗಿ ಇನ್ನೂ ಹಗ್ಗದಲ್ಲೇ ಉಂಟು. ಅದನ್ನು ನಾನೇ ತೆಗೀಬೇಕಾ?" ಭಾವ ನನ್ನತ್ತ ಕಣ್ಣು ಮಿಟುಕಿಸಿ, "ಕೇಳಿತಾ?" ಎಂದರು.

ಬಾವಿಯ ಹಗ್ಗವನ್ನೂ ಕೇಳದೆ ನಾನು ಮನೆಗೆ ಬಂದೆ. ಪೇಪರುಗಳು ಇನ್ನೂ ಹಾಗೆಯೇ ಬಿದ್ದಿವೆ. ಅದಕ್ಕಾಗಿ ಹೆಂಡತಿ ಬೆಳಿಗ್ಗೆಯಿಂದ ಬೈಯುತ್ತಿದ್ದಾಳೆ. ಮೊದಲಾಗಿದ್ದರೆ ಎದ್ದು ಪೇಟೆಗೆ ಹೋಗುತ್ತಿದ್ದೆ. ಇವತ್ತು ಜಗಲಿಯಲ್ಲೇ ಕುಳಿತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದೇನೆ.