ಹಸಿರು ಅಕ್ಷರದ ಫೈಲುಗಳು

ಬೀಗ ಹಾಕಿದ ಫೈಲೇನಾದರೂ ಇದೆಯೇ ಎಂದು ಅಣ್ಣನನ್ನು ನಾನು ಕೇಳಲಿಲ್ಲ. ಕೆಲಸ ಕೆಟ್ಟ ಮೇಲೆ ನಿಜವನ್ನೂ ಹೇಳಲಿಲ್ಲ.

2007ರಲ್ಲಿ ನಾನು ಗೋವಾದ ಮಡಗಾಂವಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದೆ. ಓದಿದ್ದು ಏಳನೇ ಇಯತ್ತೆ. ಇಂಗ್ಲಿಷ್ ಅಷ್ಟಕ್ಕಷ್ಟೇ, ಯಾವ ಪರದೆಗೆ ಯಾವ ಗುಂಡಿ ಎಂಬುದು ಕೈಗೆ ಗೊತ್ತಿತ್ತು.

ಅಣ್ಣ ಬಸವರಾಜ ಕುಡಚಡೆಯಲ್ಲಿ ನಮ್ಮ ಕಡೆಯ ಕೂಲಿಕಾರರ ಮಕ್ಕಳಿಗೆ ಮಾಸ್ತರ. ಆ ಮಕ್ಕಳಿಗಾಗಿ ಆರು ವರ್ಷದಿಂದ ಕೊಂಕಣಿ ಮಾತುಗಳಿಗೆ ಕನ್ನಡ ಅರ್ಥವನ್ನು ತನ್ನ ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದ. ಆ ಮಷೀನು ಶುರುವಾಗುವುದು ನಿಂತಾಗ ಚಾದರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದ.

“ಕೂಸು ಅಂತ ತಿಳದು ಒಬ್ಬಾಕಿ ಸೀಟ್ ಬಿಟ್ಟಳೋ ಯಲ್ಲ್ಯಾ” ಎಂದು ನಕ್ಕ. “ಪುಸ್ತಕ ಇದರಾಗ ಐತಿ. ಚಲೋ ನೋಡಪಾ.”

ನಮ್ಮ ಅಂಗಡಿಯಲ್ಲಿ ಪ್ರತಿ ಗಿರಾಕಿಗೂ ಒಂದು ಚೀಟಿ ತುಂಬಿಸುತ್ತಿದ್ದೆವು. ಯಾವ ಫೈಲು ಬೇಕು, ಪಾಸ್‌ವರ್ಡ್ ಇದೆಯೇ, ಬೀಗ ಹಾಕಿದ್ದೀರಾ ಎಂದು ಅದರಲ್ಲಿ ಕೇಳಬೇಕಿತ್ತು. ಸ್ವಂತ ಅಣ್ಣನಿಗೇನು ಚೀಟಿ ಎಂದು ನಾನು ಬರೆಯಲಿಲ್ಲ.

ಡಿಸ್ಕನ್ನು ಬೇರೆ ಮಷೀನಿಗೆ ಹಚ್ಚಿ ನೋಡಿದೆ. ಸಿ ಭಾಗದಲ್ಲಿ ವಿಂಡೋಸ್ ಕೆಟ್ಟಿತ್ತು. ಡಿ ಭಾಗದಲ್ಲಿ ಅಣ್ಣನ 312 ಫೈಲುಗಳಿದ್ದವು. ಅವುಗಳ ಹೆಸರುಗಳೆಲ್ಲ ಹಸಿರು ಅಕ್ಷರದಲ್ಲಿದ್ದವು. ಅಣ್ಣನೇ ಚಂದಕ್ಕೆ ಬಣ್ಣ ಹಚ್ಚಿರಬೇಕು ಅಂದುಕೊಂಡೆ. ಸಿ ಅಳಿಸಿದರೂ ಡಿಗೆ ಏನೂ ಆಗುವುದಿಲ್ಲ ಎಂಬುದು ನಮ್ಮ ದಿನದ ರೂಢಿ. ಹಾಗೇ ಸಿ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದೆ.

ಆಮೇಲೆ ಒಂದು ಫೈಲೂ ತೆರೆಯಲಿಲ್ಲ. ಅಣ್ಣನ ಹೆಸರು, ನನಗೆ ಮೊದಲೇ ಗೊತ್ತಿದ್ದ ಅವನ ಪಾಸ್‌ವರ್ಡ್ ಹಾಕಿ ನೋಡಿದರೂ ಅದೇ. ಕಾರವಾರದ ನಾಯಕರು ನಮ್ಮಲ್ಲಿ ಹಿರಿಯ ಮೆಕ್ಯಾನಿಕ್. ಪರದೆ ನೋಡಿ ಕನ್ನಡಕ ತೆಗೆದರು.

“ಹಸಿರು ಅಂದ್ರೆ ಎನ್‌ಕ್ರಿಪ್ಟ್ ಮಾರಾಯಾ, ಬೀಗ ಹಾಕಿದ್ದು. ಕೀಲಿ ಸಿಯಲ್ಲಿತ್ತು. ಅಳಿಸೋ ಮುಂಚೆ ಕೇಳಿದ್ರೆ ಅದನ್ನ ತೆಗೆದಿಡಬಹುದಿತ್ತು.”

ತಾನು ಬರೆದದ್ದನ್ನು ರೂಮಿನ ಗೆಳೆಯರು ಕೆಡಿಸಬಾರದೆಂದು ಅಣ್ಣ ಬೀಗ ಹಾಕಿದ್ದನಂತೆ. ಅದು ಆಮೇಲೆ ತಿಳಿಯಿತು. ಮೂರು ದಿನ ರಿಕವರಿ ಸಾಫ್ಟ್‌ವೇರ್ ಓಡಿಸಿ ಅಳಿದ ಕೀಲಿಯನ್ನು ಹುಡುಕಿದೆ. ಆ ಜಾಗದ ಮೇಲೆ ನಾನು ಹಾಕಿದ ಹೊಸ ವಿಂಡೋಸ್ ಕೂತಿತ್ತು. 312 ಫೈಲುಗಳೂ ಕಣ್ಣೆದುರಿಗೇ ಇದ್ದವು. ನನಗೆ ಅಳು ಬರಲಿಲ್ಲ. ಊಟದ ಹೊತ್ತಿಗೆ ಊಟ ಮಾಡಿದೆ.

ಅಣ್ಣ ಬಂದಾಗ “ಡಿಸ್ಕ್ ಮೊದಲೇ ಸತ್ತಿತ್ತು” ಅಂದೆ. ಅವನು “ಹೋಗ್ಲಿ ಬಿಡು, ನೀ ಏನ್ ಮಾಡ್ತಿ” ಅಂದ. ಮತ್ತೊಂದು ಡಿಸ್ಕ್ ಹಾಕಿ ಮಷೀನು ಕೊಟ್ಟೆ. ಹಳೆಯದನ್ನು ಅಂಗಡಿಯ ಡ್ರಾವರಿನಲ್ಲಿ ಇಟ್ಟುಕೊಂಡೆ. ಅಂದಿನಿಂದ ನನ್ನವರು ಯಾರೇ ಬರಲಿ, ಮೊದಲು ಚೀಟಿ ತುಂಬುತ್ತೇನೆ. ಗಿರಾಕಿಗೆ ಕೇಳುವುದನ್ನು ನಮ್ಮವರಿಗೂ ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅದೊಂದೇ.

2009ರಲ್ಲಿ ಒಂದು ಭಾನುವಾರ ಆ ಡಿಸ್ಕನ್ನು ಕಿಸೆಯಲ್ಲಿಟ್ಟುಕೊಂಡು ಕುಡಚಡೆಗೆ ಹೋದೆ. ಅಣ್ಣ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಮೊದಲಿನಿಂದ ಬರೆಯುತ್ತಿದ್ದ.

“ಅರ್ಧಾ ನೆನಪ ಆಗವಲ್ದು” ಅಂದ. “ಕೊಂಕಣಿ ಮಾತು ಹೇಳಿಕೊಟ್ಟ ಮುದುಕಿ ತೀರಿಕೊಂಡಳು. ತಪ್ಪು ನಂದ ಬಿಡು. ಸೆಕೆಂಡ್ ಹ್ಯಾಂಡ್ ಮಷೀನು ನಂಬಬಾರದಿತ್ತು.”

ಎರಡು ವರ್ಷ ಅವನು ತನ್ನನ್ನೇ ಬೈದುಕೊಂಡಿದ್ದ. ಡಿಸ್ಕನ್ನು ತೆಗೆದು ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟೆ.

“ಅಣ್ಣಾ, ಇದು ಸತ್ತಿರಲಿಲ್ಲ. ನಿನ್ನ ಕೇಳದ ನಾನ ಅದರ ಕೀಲಿ ಅಳಿಸಿದೆ. ಮ್ಯಾಲೆ ಸುಳ್ಳು ಹೇಳಿದೆ. ತಪ್ಪಾತು, ಕ್ಷಮಿಸು.”