ಬಾನೆಟ್ ಮೇಲಿನ ಬಿಳಿ ಮಬ್ಬು

ಬರೋಡದಲ್ಲಿ ಭಾವನ ಬ್ಯಾಂಕಿನ ಕಪ್ಪು ಅಂಬಾಸಿಡರ್ ಕಾರನ್ನು ಬೆಳ್ಳಗೆ ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಅವತ್ತು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ.

ಆಗ ನನಗೆ ಹತ್ತೊಂಬತ್ತು. ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತ ರಸಾಯನಶಾಸ್ತ್ರದಲ್ಲಿ ನಪಾಸಾಗಿದ್ದೆ. ಸ್ವಲ್ಪ ದಿನ ಅಕ್ಕನ ಮನೆಯಲ್ಲಿದ್ದರೆ ಬುದ್ಧಿ ಬರಬಹುದೆಂದು ಅಪ್ಪ ರೈಲು ಹತ್ತಿಸಿದ್ದರು. ಭಾವ ಅಲ್ಕಾಪುರಿಯ ಶಾಖೆಗೆ ಏಜೆಂಟರಾಗಿ ವರ್ಗವಾಗಿ ಬಂದಿದ್ದರು. ಬ್ಯಾಂಕಿನ ಮ್ಯಾನೇಜರರನ್ನು ಆಗ ಹಾಗೆಯೇ ಕರೆಯುತ್ತಿದ್ದರು. ಬುದ್ಧಿಯೇನೂ ಬರಲಿಲ್ಲ. ಮೂರು ವಾರದಲ್ಲಿ ಬೀದಿಯವರ ದನಿಗಳೆಲ್ಲ ನನ್ನ ಗಂಟಲಿಗೆ ಬಂದವು. ಪಕ್ಕದ ಮನೆಯಾಕೆ ತರಕಾರಿಯವನನ್ನು ಬೈಯುವುದು, ಭಾವ ಫೋನಿನಲ್ಲಿ ಮೇಲಿನವರೊಡನೆ ಮಾತಾಡುವಾಗ ತಾವೇ ಎದ್ದು ನಿಲ್ಲುವುದು, ನಪಾಸಾದ ಹುಡುಗ ಅಪ್ಪನೆದುರು "ಪೇಪರ್ ಕಷ್ಟ ಇತ್ತು" ಎಂದು ಗೊಣಗುವುದು, ಎಲ್ಲವನ್ನೂ ಊಟದ ಹೊತ್ತಿಗೆ ಮಾಡಿ ತೋರಿಸುತ್ತಿದ್ದೆ. ಕೊನೆಯದಕ್ಕೆ ಅಕ್ಕ ಹೆಚ್ಚು ನಗುತ್ತಿದ್ದಳು.

ಕಾರಿನ ಡ್ರೈವರ್ ಗುಜರಾತಿನವರು, ಅರವತ್ತರ ಹತ್ತಿರದ ವಯಸ್ಸು. ಎಲ್ಲರಿಗೂ ಅವರು ಕಾಕಾ. ಗೇರ್ ಬದಲಿಸುವಾಗಲೆಲ್ಲ ದೇವರ ಹೆಸರು ಹೇಳುತ್ತಿದ್ದರು. ಅದನ್ನೂ ಅನುಕರಿಸಿದ್ದೆ, ಅವರೇ ಚಹಾ ಕುಡಿಸಿ ಎರಡನೇ ಸಲ ಮಾಡಿಸಿದ್ದರು. ಕಾರು ತೊಳೆಯುವುದಕ್ಕೆ ಮಾತ್ರ ಅವರು ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಬಾವಿಯ ನೀರು ಉಪ್ಪು, ಒಣಗಿದರೆ ಚುಕ್ಕೆ ಬೀಳುತ್ತದೆ ಎಂದು ನಲ್ಲಿ ನೀರಿಗಾಗಿ ಬೆಳಿಗ್ಗೆ ಐದೂವರೆಗೇ ಬರುತ್ತಿದ್ದರು.

ಏಪ್ರಿಲ್‌ನ ಒಂದು ಮಧ್ಯಾಹ್ನ, ಭಾವ ರೈಲಿನಲ್ಲಿ ಪರವೂರಿಗೆ ಹೋಗಿದ್ದ ದಿನ, ಕಾಕಾ ಸೈಕಲ್ ಹತ್ತಿ ಊಟಕ್ಕೆ ಹೋದಾಗ ಪಾಲಿಶ್ ಡಬ್ಬಿ ನನ್ನ ಕಣ್ಣಿಗೆ ಬಿತ್ತು. ಕಾರು ಬಿಸಿಲಿನಲ್ಲಿತ್ತು. ಬಾನೆಟ್ ಮೇಲೆ ಕೈಯಿಟ್ಟರೆ ದೋಸೆ ಕಾವಲಿ. ಅಂಥ ಕಾವಲಿಗೆ ಬೆಣ್ಣೆ ಸವರಿದ ಹಾಗೆ ಇಡೀ ಕಾರಿಗೆ ದಪ್ಪವಾಗಿ ಪಾಲಿಶ್ ಮೆತ್ತಿದೆ. ಕೈ ಸೋತದ್ದರಿಂದ ಡಿಕ್ಕಿಯೊಂದನ್ನು ಬಿಟ್ಟೆ. ಒಳಗೆ ಹೋಗಿ ಮಜ್ಜಿಗೆ ಕುಡಿದು ಬಂದು ನೋಡಿದರೆ ಪಾಲಿಶ್ ಒಣಗಿ ಕಚ್ಚಿಕೊಂಡಿತ್ತು. ಉಜ್ಜಿದೆ, ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕಾರಿನ ಮೈಗೆಲ್ಲ ಹಾಲು ಸುರಿದಂತಾಯಿತು.

ಸಂಜೆ ಕಾಕಾ ಕಾರಿನ ಸುತ್ತ ಒಂದು ಸುತ್ತು ಬಂದರು. ಬೈಯಲಿಲ್ಲ. "ಬಿಸಿಲಲ್ಲಿ ಹಚ್ಚಿದೆಯಾ, ದೀಕರಾ?" ಎಂದರು. ನಮ್ಮ ಮಾತು ಹಿಂದಿಯಲ್ಲಿ; ದೀಕರಾ ಮಾತ್ರ ಗುಜರಾತಿ, ಮಗನೇ ಎಂದರ್ಥ. ನಾನು ತಲೆಯಾಡಿಸಿದೆ. "ಈಗ ಬೆಳಕಿಲ್ಲ. ನಾಳೆ ನೆರಳಲ್ಲಿ ತೆಗೆಯೋಣ" ಎಂದು ಹೊದಿಕೆ ಹಾಕಿದರು.

ಮರುದಿನ ಕಾಕಾ ಕೆಲಸ ಶುರುಮಾಡುವುದಕ್ಕೆ ಮೊದಲೇ ಭಾವ ಹೊದಿಕೆ ಎತ್ತಿ ನೋಡಿದರು. ಏನಿದು ಎಂದು ಕೇಳಿದ್ದಕ್ಕೆ ಕಾಕಾ, "ಹೋಗುತ್ತೆ ಸಾಹೇಬ್, ಒಂದು ಗಂಟೆ ಕೊಡಿ" ಎಂದರೇ ಹೊರತು ನನ್ನ ಹೆಸರು ಎತ್ತಲಿಲ್ಲ.

ತಿಂಡಿಗೆ ಕೂತ ಭಾವ ಅಕ್ಕನಿಗೆ ಹೇಳಿದರು: "ಮುದುಕನ ಕಣ್ಣು ಹೋಗಿದೆ ಕಣೇ. ಅಷ್ಟು ದಪ್ಪ ಬಿಳುಪು ಮೆತ್ತಿದ್ದಾನೆ, ಹಚ್ಚುವಾಗ ಕಂಡಿಲ್ಲ ಅವನಿಗೆ. ನಾಳೆ ರಸ್ತೆ ಮೇಲೆ ಎಮ್ಮೆನೂ ಕಾಣಲ್ಲ. ಕೆಲಸದಿಂದ ಬಿಡಿಸಿ ಅಂತ ಹೆಡ್ ಆಫೀಸಿಗೆ ಬರೆದಿದ್ದೀನಿ, ಇವತ್ತೇ ಟಪಾಲಿಗೆ." ಜೇಬಿನಿಂದ ಕಾಗದದ ತುದಿ ಇಣುಕುತ್ತಿತ್ತು.

ನಾನು ಉಪ್ಪಿಟ್ಟಿನ ತಟ್ಟೆ ಆಚೆ ಸರಿಸಿದೆ. "ಭಾವ, ಅದು ಕಾಕಾ ಮಾಡಿದ್ದಲ್ಲ. ನಾನು."

"ಶುರುವಾಯ್ತು," ಎಂದರು ಭಾವ. "ಇದು ಯಾರ ದನಿ?"

"ನನ್ನದೇ."

"ಹೋದ ವಾರ ಅಡುಗೆಯವನ ದನೀಲಿ ಹಾಲು ಉಕ್ಕಿಸಿದ್ದು ನಾನೇ ಅಂದೆ. ಮೊನ್ನೆ ಕಿಟಕಿ ಗಾಜು ಒಡೆದದ್ದು ನಾನೇ ಅಂತ ಪಕ್ಕದ ಮನೆ ಯಜಮಾನರ ಹಾಗೆ ಗೋಳಾಡಿದೆ. ಬಡವನ ಹೊಟ್ಟೆಪಾಡಿನ ವಿಷಯ ಇದು, ಇದರಲ್ಲಿ ನಾಟಕ ಬೇಡ."

"ಹೊಟ್ಟೆಪಾಡು ಅಂತ ಗೊತ್ತಿದ್ದೂ ಬರೆದಿರಲ್ಲ," ಎಂದೆ.

"ಸುಮ್ನಿರೋ," ಎಂದಳು ಅಕ್ಕ. ನಾನು ಸುಮ್ಮನಿರಲಿಲ್ಲ. ನಿಜ ಹೇಳಲು ನನಗಿದ್ದದ್ದು ಇದೊಂದೇ ಗಂಟಲು. ಅದನ್ನು ನಾನೇ ಕೆಡಿಸಿಕೊಂಡಿದ್ದೆ. ಇನ್ನು ಉಳಿದದ್ದು ಕೈ.

ಅಂಗಳಕ್ಕೆ ಹೋಗಿ ಕಾಕಾ ಕೈಯಲ್ಲಿದ್ದ ಡಬ್ಬಿ ಕಿತ್ತುಕೊಂಡೆ. ಭಾವ ಬಾಗಿಲಿಗೆ ಬಂದರು. ಇಡೀ ಕಾರಿನಲ್ಲಿ ಕಪ್ಪಾಗಿ ಉಳಿದದ್ದು ಡಿಕ್ಕಿ ಒಂದೇ, ಒಂಬತ್ತರ ಬಿಸಿಲು ಆಗಲೇ ಅದರ ಮೇಲೆ ಬಿದ್ದಿತ್ತು. ಭಾವನ ಕಣ್ಣೆದುರೇ ಅದಕ್ಕೂ ದಪ್ಪವಾಗಿ ಮೆತ್ತಿದೆ.

"ಏಯ್, ಚೆನ್ನಾಗಿದ್ದದ್ದನ್ನೂ ಯಾಕೋ ಹಾಳು ಮಾಡ್ತೀಯ?"

"ನಿನ್ನೆ ಮಾಡಿದ್ದು ಯಾರು ಅಂತ ತೋರಿಸ್ತಿದ್ದೀನಿ. ಹತ್ತು ನಿಮಿಷ ನಿಲ್ಲಿ."

"ಬ್ಯಾಂಕಿಗೆ ಹೊತ್ತಾಯ್ತು."

"ಆಗಲಿ."

ನಿಂತರು, ಸಿಟ್ಟಿನಿಂದಲೇ. ಪಾಲಿಶ್ ಒಣಗಿತು. ಉಜ್ಜಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಾನೆಟ್ ಮೇಲಿದ್ದ ಅದೇ ಬಿಳಿ ಮಬ್ಬು, ಅದೇ ಸುತ್ತು ಸುತ್ತು ಗೆರೆ, ಡಿಕ್ಕಿಯ ಮೇಲೂ ಎದ್ದಿತು. ಭಾವ ಬಾನೆಟ್ ನೋಡಿದರು, ಡಿಕ್ಕಿ ನೋಡಿದರು, ನನ್ನನ್ನು ನೋಡಿದರು. ನಗುವವರು ಯಾರೂ ಇರಲಿಲ್ಲ. ನನ್ನ ಪ್ರದರ್ಶನಗಳಲ್ಲಿ ಅದೊಂದೇ ಹಾಗೆ ನಡೆದದ್ದು.

ಕಾಕಾ ಕಾರನ್ನು ಬೇವಿನ ಮರದಡಿಗೆ ತಳ್ಳತೊಡಗಿದರು. ನಾನೂ ಹೆಗಲು ಕೊಟ್ಟೆ. ಲೋಹ ತಣ್ಣಗಾಗುವವರೆಗೆ ಕಾದು, ಬಟ್ಟೆಯ ತುದಿಗೆ ಕಡಲೆಕಾಳಿನಷ್ಟು ಹೊಸ ಪಾಲಿಶ್ ತೆಗೆದುಕೊಂಡು ಬಾನೆಟ್ ಮೇಲೆ ಅಂಗೈಯಗಲ ಹಚ್ಚಿದರು. ಒಣಗಲು ಬಿಡದೆ ಹಳೆಯ ಪಂಚೆಯ ತುಂಡಿನಿಂದ ಒರೆಸಿದರು. ಹಸಿ ಪಾಲಿಶ್ ಒಣಗಿದ್ದನ್ನು ಕರಗಿಸಿಕೊಂಡು ಬಂತು. ಮಬ್ಬಿನ ನಡುವೆ ಅಂಗೈಯಗಲ ಕಪ್ಪು ತೆರೆದುಕೊಂಡಿತು. ರಸಾಯನಶಾಸ್ತ್ರದಲ್ಲಿ ಅವರು ಪಾಸು.

ಆ ಕಪ್ಪಿನಲ್ಲಿ ಭಾವನ ಮುಖ ಕಾಣಿಸಿತು. ಕಾಕಾ ತಲೆಯೆತ್ತಿ ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಅವರನ್ನೇ ನೋಡಿದರು. "ಸಾಹೇಬ್, ಎಡಗಿವಿ ಕೆಳಗೆ ಸಾಬೂನು ಒಣಗಿದೆ."

ಭಾವ ಮುಟ್ಟಿ ನೋಡಿಕೊಂಡರು. ಬೆರಳಿಗೆ ಕ್ಷೌರದ ಸಾಬೂನಿನ ಬಿಳಿ ಪುಡಿ ಬಂತು. ತಿಂಡಿ ಬಡಿಸಿದ ಅಕ್ಕನಿಗೂ ಅದು ಕಂಡಿರಲಿಲ್ಲ.

"ಸರಿ, ಕಣ್ಣು ಚೆನ್ನಾಗಿದೆ. ಉಳಿದ ಬಿಳುಪು ಸಂಜೆಗಿರಲಿ," ಎಂದು ಗೊಣಗಿ ಭಾವ ಹಿಂದಿನ ಸೀಟಿನಲ್ಲಿ ಕೂತರು. ಅಷ್ಟಕ್ಕೆ ಮುಗಿಯಿತೆಂದು ಅವರ ಲೆಕ್ಕ. ಕಾಗದ ಇನ್ನೂ ಜೇಬಿನಲ್ಲೇ ಇತ್ತು. ನಾನು ಹೋಗಿ ಕಾರಿನ ಮುಂದೆ ನಿಂತೆ.

"ದಾರಿ ಬಿಡೋ."

"ಕಾಗದ ಹರೀರಿ."

"ಟಪಾಲಿಗೆ ಹಾಕಲ್ಲ ಅಂದೆನಲ್ಲ."

"ಅಂದಿಲ್ಲ ಭಾವ. ಈಗ ಅಂದಿರಿ. ಹರೀರಿ."

"ದೊಡ್ಡವರ ಹತ್ರ ಹೀಗಾ ಮಾತಾಡೋದು? ಮೊದಲು ಕ್ಷಮೆ ಕೇಳು."

"ಕಾಕಾಗೆ ಕೇಳ್ತೀನಿ. ನಿಮಗೆ ಯಾಕೆ?" ಎಂದೆ. ಭಾವನ ಕ್ಷಮೆ ಇಂದಿಗೂ ಕೇಳಿಲ್ಲ. ಕೇಳುವುದೂ ಇಲ್ಲ.

ಅಕ್ಕ ಒಳಗಿನಿಂದ ನನ್ನ ಹೆಸರು ಹಿಡಿದು ಕೂಗಿದಳು. ನಾನು ಕದಲಲಿಲ್ಲ. ಕಾಕಾ ಸ್ಟಿಯರಿಂಗ್ ಮುಂದೆ ಕೂತು, ಚೆನ್ನಾಗಿಯೇ ಇದ್ದ ಗಾಜನ್ನು ಒಳಗಿನಿಂದ ನಿಧಾನವಾಗಿ ಒರೆಸುತ್ತಿದ್ದರು. ಕನ್ನಡ ಅವರಿಗೆ ಬಾರದು. ಆದರೂ ಕೀಲಿ ತಿರುಗಿಸಲಿಲ್ಲ.

ಭಾವ ಗಡಿಯಾರ ನೋಡಿಕೊಂಡರು. ಕಾಗದ ತೆಗೆದು ಎರಡು ತುಂಡು ಮಾಡಿ ಕಿಟಕಿಯಿಂದ ಕೆಳಗೆ ಹಾಕಿದರು.

ನಾನು ಎರಡೂ ತುಂಡುಗಳನ್ನು ಎತ್ತಿ ಒರೆಸಿ ಅವರ ಕೈಗೇ ಕೊಟ್ಟೆ. "ಇನ್ನೊಂದು ಸಲ," ಎಂದೆ. ನಾಲ್ಕು ತುಂಡಾದ ಮೇಲೆ ದಾರಿ ಬಿಟ್ಟೆ.