ನನ್ನನ್ನ ಕೇಳದೆ ಬರೆದ ಆಡಿಟರ್ರು

ಒಬ್ಬ ಗಂಡಸಿನ ಕಿವಿ ನೋಡಿ, ಅವನು ಬಾಯಿ ಬಿಡೋಕ್ಕೆ ಮುಂಚೇನೇ "ಆಗಲ್ಲ" ಅಂತಾನೋ "ಆಗಲಿ" ಅಂತಾನೋ ಹೇಳಕ್ಕಾಗತ್ತಾ ನಿಮ್ಮ ಕೈಲಿ? ಬಿಡಿ, ಆಗಲ್ಲ. ನನ್ನ ಕೈಲಿ ಆಗ್ತಿತ್ತು. ಚಾಮರಾಜಪೇಟೆಯ ನಮ್ಮ ಆಡಿಟರ್ರದ್ದು ಹಪ್ಪಳದಷ್ಟು ಅಗಲದ ಕಿವಿ. ಒಳಗಿಂದ ಬಿಳೀ ಕೂದಲು ತೆಂಗಿನಕಾಯಿ ಜುಟ್ಟಿನ ಹಾಗೆ ಎದ್ದು ನಿಂತಿರೋದು. ಎದುರಿಗೆ ಕೂತೋರು ಏನಾದ್ರೂ ಅಡ್ಡದಾರಿ ಮಾತಾಡಿದ್ರೆ ಆ ಕಿವಿ ತುದಿಯಿಂದ ಕೆಂಪಾಗ್ತಾ ಕೆಳಗಿಳಿಯೋದು. ಹಾಲೆ ಮುಟ್ಟೋ ಹೊತ್ತಿಗೆ ಬಾಯಿಂದ "ಆಗಲ್ಲ" ಬಿದ್ದಿರೋದು.

ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಹೋದೋರ ಬಗ್ಗೆ ಒಳ್ಳೇದೇ ಬರೀಬೇಕಂತೆ. ನಾನು ಬರೆಯಲ್ಲ. ನನಗೆ ಅವರ ಮೇಲೆ ಕೋಪ ಇದೆ. ಮೊಮ್ಮಗಳು ಫೋನಲ್ಲಿ ಕನ್ನಡ ಒತ್ತೋದು ಹೇಳ್ಕೊಟ್ಟಿದಾಳೆ. ಒತ್ತೋದೇ ಆದ್ರೆ ಮೊದಲು ಕೋಪಾನೇ ಒತ್ತೋಣ ಅಂತ ಕೂತಿದೀನಿ.

ಅವರ ಆಫೀಸು ಅಂದ್ರೆ ಅವರ ಮನೆಯ ಮುಂದಿನ ರೂಮು. ಬಾಗಿಲಲ್ಲೇ ಮೊದಲನೇ ಆರ್ಡರು: "ಚಪ್ಪಲಿ ಕೈಲಿ ಹಿಡ್ಕೊಂಡು ಒಳಗೆ ಬನ್ನಿ." ಯಾವಾಗ್ಲೋ ಅವರ ಹೊಸ ಚಪ್ಪಲಿ ಹೊರಗಿಂದ ಕಳುವಾಗಿತ್ತಂತೆ. ಅವತ್ತಿಂದ ಬಟ್ಟೆ ಅಂಗಡಿ ಸಾಹುಕಾರರೂ ಚಪ್ಪಲಿ ಪಕ್ಕದಲ್ಲಿಟ್ಕೊಂಡೇ ಬೆಂಚಿನ ಮೇಲೆ ಕೂರೋರು. ಕಾಫಿ ಗೀಫಿ ಏನೂ ಇಲ್ಲ. ಮೇಜಿನ ಡ್ರಾಯರಲ್ಲಿ ಹುರಿಗಾಳು ಇರೋದು. ಯೋಚನೆ ಮಾಡೋವಾಗ ಒಂದೊಂದೇ ಕಾಳು ಬಾಯಿಗೆ. ನಮಗೆ ಕೊಡ್ತಾ ಇರಲಿಲ್ಲ. ಒಂದ್ಸಲ ನಾನೇ ಕೈ ಹಾಕ್ದೆ. "ಅಮ್ಮಾ, ಅದು ನನ್ನ ಮಧ್ಯಾಹ್ನದ ಊಟ" ಅಂದ್ರು. ಹಸೀ ಸುಳ್ಳು. ಒಳಗೆ ಅವರ ಹೆಂಡತಿ ಹುಳಿಗೆ ಒಗ್ಗರಣೆ ಹಾಕ್ತಿದ್ದ ವಾಸನೆ ಬೀದಿಗೇ ಬರ್ತಿತ್ತು.

ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದು ನನ್ನ ತಮ್ಮ. ಬ್ಯಾಂಕಿಂದ ರಿಟೈರಾಗಿ, ಪೇಪರಿನ ಎಲ್ಲಾ ಪುಟ ಓದಿ ಮುಗಿಸಿ, ಅಡುಗೆಮನೇಲಿ ತಲೆ ಹಾಕಿ ಹೆಂಡತಿ ಹತ್ರ ಬೈಸ್ಕೊಳ್ತಾ ಕೂತಿದ್ದ. ನಾನು ನಮ್ಮೆಜಮಾನ್ರು ಹೋದ್ಮೇಲೆ ನಮ್ಮ ಮನೆ ರಿಪೇರಿ ಮಾಡಿಸಿದ್ದೆ. ನೋಡಿದೋರೊಬ್ಬರು "ಇದನ್ನ ಮಾರ್ತೀರಾ?" ಅಂದ್ರು. ಮಾರಲಿಲ್ಲ, ಆದ್ರೆ ತಲೆಗೆ ಹುಳ ಬಿತ್ತು. ಇಬ್ಬರೂ ದುಡ್ಡು ಸೇರಿಸಿ, ಅಣ್ಣತಮ್ಮಂದಿರು ಹಂಚ್ಕೊಳ್ಳಕ್ಕಾಗದೆ ಮಾರ್ತಿದ್ದ ಒಂದು ಹಳೇ ಮನೆ ತಗೊಂಡ್ವಿ. ಸೋರೋ ತಾರಸಿಗೆ ಗಾರೆ, ಗೆದ್ದಲು ತಿಂದ ತೊಲೆಗೆ ಬೇರೆ ತೊಲೆ, ಹೊಸಾ ವೈರಿಂಗು, ಕೆಂಪು ನೆಲಕ್ಕೆ ಪಾಲಿಶು. ಮಾರಿದ್ವಿ. ಲಾಭ ಬಂತು. ಇನ್ನೊಂದು ತಗೊಂಡ್ವಿ. ರುಚಿ ಹತ್ತಿತು.

ಮೊದಲನೇ ದಿನ ತಮ್ಮ ಬ್ಯಾಂಕಿನ ಗತ್ತಲ್ಲೇ ಶುರು ಮಾಡ್ದ. "ಸಾರ್, ಇದೆಲ್ಲ ಆಸ್ತಿ ಮಾರಿದ ಲಾಭ, ಕ್ಯಾಪಿಟಲ್ ಗೇನ್ಸು ತಾನೇ? ಲಾಭಾನ ಇನ್ನೊಂದು ಮನೆಗೆ ಹಾಕ್ತಾ ಹೋದ್ರೆ ಟ್ಯಾಕ್ಸೇ ಇಲ್ಲ."

ಕಿವಿ ಕೆಂಪಾಯ್ತು.

"ಇರೋ ಮನೆ ಒಂದ್ಸಲ ಮಾರಿದ್ರೆ ಅದು ಆಸ್ತಿ. ಮಾರಕ್ಕೇ ಅಂತ ತಗೊಂಡು, ಬಣ್ಣ ಹೊಡೆಸಿ ಮಾರಿ, ಮತ್ತೆ ತಗೊಂಡ್ರೆ ಅದು ಅಂಗಡಿ. ಗಾಂಧಿ ಬಜಾರಲ್ಲಿ ಅವರೆಕಾಯಿ ಮಾರೋರು ಕ್ಯಾಪಿಟಲ್ ಗೇನ್ಸು ಅಂತಾರೇನ್ರೀ? ನೀವು ಮಾಡ್ತಿರೋದು ವ್ಯಾಪಾರ. ವ್ಯಾಪಾರದ ಟ್ಯಾಕ್ಸೇ ಕಟ್ಟಬೇಕು."

ತಮ್ಮನ ಮುಖ ಅವರೆಕಾಯಿ ಸಿಪ್ಪೆ ಥರ ಆಯ್ತು. ನಾನು ನಕ್ಕೆ. ಆಡಿಟರ್ರು ನಗಲಿಲ್ಲ. "ವ್ಯಾಪಾರ ಯಾವ ಹೆಸರಲ್ಲಿ ಮಾಡ್ತೀರ ಅನ್ನೋದ್ರ ಮೇಲೆ ಟ್ಯಾಕ್ಸು ಹೆಚ್ಚುಕಮ್ಮಿ ಆಗತ್ತೆ. ಆದ್ರೆ ಮೊದಲು ಯಾರು ಏನು ಕೆಲಸ ಮಾಡ್ತೀರ ಹೇಳಿ. ಟ್ಯಾಕ್ಸು ಆಮೇಲೆ." ಇದು ಅವರ ಮಂತ್ರ. ಯಾರು ಬಂದ್ರೂ ಇದೇ.

ತಮ್ಮನಿಗೆ ಅವನ ಹಿಂದೂ ಅವಿಭಕ್ತ ಕುಟುಂಬದ ಹೆಸರಲ್ಲಿ ಮಾಡೋ ಆಸೆ. ಅದಕ್ಕೆ ಬೇರೇನೇ ಟ್ಯಾಕ್ಸ್ ಫೈಲು ಅಂತೆ. ಅವನು ಯಜಮಾನ, ಅವನ ಹೆಂಡತಿ ಮಕ್ಕಳು ಸದಸ್ಯರು.

"ಇದ್ರಲ್ಲಿ ಅಕ್ಕ ಎಲ್ಲಿ?" ಅಂದ್ರು ಆಡಿಟರ್ರು.

"ಅಕ್ಕ ನಮ್ಮೋಳೇ ಅಲ್ವಾ ಸಾರ್."

"ನಮ್ಮೋಳೇ ಅಂತ ಟ್ಯಾಕ್ಸ್ ಆಫೀಸಲ್ಲಿ ಒಂದು ಕಾಲಮ್ ಇಲ್ಲ."

ಹಾಗಾದ್ರೆ ಕಂಪನಿ ಮಾಡೋಣ ಅಂದ. "ಕಂಪನಿ ಅಂದ್ರೆ ದೇವಸ್ಥಾನದ ಹುಂಡಿ. ಒಳಗೆ ಹೋಗೋವಾಗ ರೇಟು ಕಮ್ಮಿ. ಲಾಭಾನ ತೆಗೆದು ಮನೆಗೆ ತಗೊಂಡು ಹೋಗ್ತೀನಿ ಅಂದ್ರೆ ನಿಮ್ಮ ಕೈ ಮೇಲೆ ಇನ್ನೊಂದ್ಸಲ ಟ್ಯಾಕ್ಸು. ಲಾಭ ಅಲ್ಲೇ ಬಿಟ್ಟು ಬೆಳೆಸೋರಿಗೆ ಅದು ಸರಿ. ನೀವು ತಿನ್ನೋರು."

ಕೊನೆಗೆ ಅವರು ಹೇಳಿದ್ದು ಎಲ್‌ಎಲ್‌ಪಿ. ಅದೂ ಪಾಲುದಾರರ ಫರ್ಮೇ, ಆದ್ರೆ ವ್ಯಾಪಾರ ಮುಳುಗಿದ್ರೆ ಸಾಲ ಕೊಟ್ಟೋರು ನಾವು ವಾಸ ಇರೋ ಮನೆ ಬಾಗಿಲು ತಟ್ಟಲ್ಲ. ಫರ್ಮು ತನ್ನ ಲಾಭಕ್ಕೆ ತಾನೇ ಟ್ಯಾಕ್ಸ್ ಕಟ್ಟತ್ತೆ, ಮಿಕ್ಕಿದ್ದು ಹಂಚ್ಕೊಂಡಾಗ ನಮಗೆ ಮತ್ತೆ ಇಲ್ಲ. ಕೆಲಸ ಮಾಡೋ ಪಾಲುದಾರರಿಗೆ ಸಂಬಳ ಕೊಟ್ರೆ, ಒಂದು ಮಿತಿವರೆಗೂ ಅದು ಫರ್ಮಿನ ಖರ್ಚು. ಆ ಸಂಬಳಕ್ಕೆ ತಗೊಂಡೋರು ಟ್ಯಾಕ್ಸ್ ಕಟ್ಕೋಬೇಕು. ನನಗೆ ಪೂರ್ತಿ ಅರ್ಥ ಆಯ್ತು. ಬೆಂಚಿನ ತುದೀಲಿ ಕೂತು ತಲೆ ಆಡಿಸ್ದೆ. ನನ್ನ ಕಡೆ ಯಾರೂ ನೋಡಲಿಲ್ಲ.

ಸ್ವಲ್ಪ ದಿನಕ್ಕೆ ಪಾಲುದಾರಿಕೆ ಪತ್ರದ ಕರಡು ಬಂತು. ಕೆಲಸ ಮಾಡೋ ಪಾಲುದಾರ ಯಾರು? ನನ್ನ ತಮ್ಮ. ಸಂಬಳ ಯಾರಿಗೆ? ನನ್ನ ತಮ್ಮನಿಗೆ. ನನ್ನ ಹೆಸರಿನ ಮುಂದೆ ಸ್ಲೀಪಿಂಗ್ ಪಾರ್ಟ್ನರ್. ಅಂದ್ರೆ ದುಡ್ಡು ಹಾಕು, ಪಾಲು ತಗೋ, ಬಾಯಿ ಮುಚ್ಕೋ. ಯಾವ ಮನೆ ಕೊಳ್ಳಬೇಕು, ಯಾವುದನ್ನ ಮಾರಬೇಕು, ಒಂದ್ರಲ್ಲೂ ನನ್ನ ಮಾತಿಲ್ಲ, ಸಹಿ ಇಲ್ಲ.

"ಯಾರೋ ಹೀಗೆ ಬರೆಸಿದ್ದು?" ಅಂದೆ.

"ನಾನೇ ಅಕ್ಕ. ಈ ವಯಸ್ಸಲ್ಲಿ ನಿನಗ್ಯಾಕೆ ರಿಜಿಸ್ಟ್ರಾರ್ ಆಫೀಸು, ಕ್ಯೂ, ಅಲೆದಾಟ? ನೀನು ಆರಾಮಾಗಿರು."

ಆರಾಮಾಗಿರು! ಇದರಷ್ಟು ಕೆಟ್ಟ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ ಕಣ್ರೀ. ಹೆಂಗಸನ್ನ ಮೂಲೆಗೆ ತಳ್ಳೋವಾಗ ಯಾರೂ "ಮೂಲೆಗೆ ಹೋಗು" ಅನ್ನಲ್ಲ. ಆರಾಮಾಗಿರು ಅಂತಾರೆ. ತಾರಸಿ ಮೇಲೆ ಕೊಡಗಟ್ಟಲೆ ನೀರು ಹುಯ್ಸಿ, ಕೆಳಗೆ ನಿಂತು ಎಲ್ಲಿ ತೊಟ್ಟಿಕ್ಕತ್ತೆ ನೋಡ್ತಿದ್ದೋಳು ನಾನು. ಗೋಡೆ ತಟ್ಟಿ ಪೊಳ್ಳು ಕಂಡುಹಿಡೀತಿದ್ದೋಳು ನಾನು. ಗಾರೆ ತೆಳ್ಳಗಾದ್ರೆ ಮೇಸ್ತ್ರಿ ಜೊತೆ ಜುಟ್ಟು ಜುಟ್ಟು ಹಿಡ್ಕೊಳ್ತಿದ್ದೋಳು ನಾನು. ನಮ್ಮೆಜಮಾನ್ರು ಹೋದ್ಮೇಲೆ ಬೆಳಿಗ್ಗೆ ಎದ್ದು ಹೋಗಕ್ಕೆ ಅಂತ ಒಂದು ಜಾಗ ಸಿಕ್ಕಿದ್ದೇ ಆ ಮುರುಕಲು ಮನೆಗಳಲ್ಲಿ. ತಮ್ಮ ಮಧ್ಯಾಹ್ನ ಇಸ್ತ್ರಿ ಷರಟು ಹಾಕ್ಕೊಂಡು ಬಂದು ಫೋಟೋ ತೆಗೀತಿದ್ದ.

ಮೈಮೇಲೆ ಸುಣ್ಣದ ಧೂಳಿದ್ದ ಸೀರೇಲೇ ಆಟೋ ಹತ್ತಿದೆ. ಚಪ್ಪಲಿ ಕೈಲಿ ಹಿಡೀಲಿಲ್ಲ. ಹಾಕ್ಕೊಂಡೇ ಒಳಗೆ ಹೋದೆ.

"ಆಡಿಟರ್ರೇ, ಇದನ್ನ ಬರೆದೋರು ಯಾರು?"

"ನಾನೇ."

"ನನ್ನನ್ನ ಕೇಳಿದ್ರಾ?"

"ನಿಮ್ಮ ತಮ್ಮ ಹೇಳಿದ್ರು."

"ಅವನು ಹೇಳಿದ್ದು ಗೊತ್ತು. ನನ್ನನ್ನ ಕೇಳಿದ್ರಾ?"

"ಇಲ್ಲ."

"ಯಾರು ಏನು ಕೆಲಸ ಮಾಡ್ತೀರ ಅಂತ ಊರೋರನ್ನೆಲ್ಲ ಕೇಳ್ತೀರಲ್ಲ, ಎದುರಿಗೆ ಕೂತಿರೋ ಹೆಂಗಸನ್ನ ಕೇಳಕ್ಕೆ ನಾಲಿಗೆ ಹೊರಳಲಿಲ್ವಾ? ನಾನೇನು ನಿಮ್ಮ ಬೆಂಚಿನ ಮೇಲಿಟ್ಟಿರೋ ಚಪ್ಪಲಿನಾ?"

ಪಕ್ಕದಲ್ಲಿ ಕೂತಿದ್ದೋರೊಬ್ಬರು ಮೆಲ್ಲಗೆ ಎದ್ದು ಹೊರಗೆ ಹೋದ್ರು. ಆಡಿಟರ್ರ ಕಿವಿ ಕೆಂಪಾಗಲಿಲ್ಲ, ಬಿಳಿಚ್ಕೊಂಡ್ತು. ಹುರಿಗಾಳಿನ ಡ್ರಾಯರ್ ಮುಚ್ಚಿದ್ರು. "ನಾಳೆ ಸೈಟಿಗೆ ಬರ್ತೀನಿ" ಅಂದ್ರು. ತಪ್ಪಾಯ್ತು ಅನ್ನಲಿಲ್ಲ. ಸಾಯೋವರೆಗೂ ಅನ್ನಲಿಲ್ಲ. ಅದಕ್ಕೇ ಹೇಳಿದ್ದು ಕೋಪ ಅಂತ.

ಆಗ ಮಲ್ಲೇಶ್ವರದಲ್ಲಿ ಒಂದು ಮನೆ ಕೆಲಸ ನಡೀತಿತ್ತು. ಬೆಳಿಗ್ಗೇನೇ ಬಂದ್ರು. ಮರಳಿನ ಗುಡ್ಡೆ ಮೇಲೆ ಪೇಪರ್ ಹಾಸ್ಕೊಂಡು, ಕೊಡೆ ಬಿಚ್ಕೊಂಡು ಕೂತ್ರು. ನಿಮಗೆ ಪ್ರದರ್ಶನ ಕೊಡಕ್ಕೆ ನಾನೇನು ಕರಡೀನಾ ಅಂತ ನನ್ನ ಪಾಡಿಗೆ ನಾನಿದ್ದೆ. ಮೇಸ್ತ್ರಿ "ಇಷ್ಟು ದಪ್ಪ ಸಾಕು ಬಿಡಿ ಅಜ್ಜಿ" ಅಂದ. "ನಿನ್ನ ಮಾವನ ಮನೆಗೆ ಇಷ್ಟು ಸಾಕು ಅಂತೀಯೇನೋ?" ಅಂದೆ. ಕೊಡೆ ಒಂಚೂರು ಅಲ್ಲಾಡ್ತು.

ಮಧ್ಯಾಹ್ನ ತಮ್ಮ ಬಂದ. "ಅಯ್ಯೋ ಸಾರ್, ನೀವಿಲ್ಲಿ!"

"ಆ ರೂಮಿನ ಮೂಲೆ ಗೋಡೆ ಒಡೆಸಿದೀರಲ್ಲ, ಯಾಕೆ?" ಅಂದ್ರು ಆಡಿಟರ್ರು.

"ಅದು... ಅಕ್ಕನ್ನ ಕೇಳಿ ಹೇಳ್ತೀನಿ ಸಾರ್."

"ಮೇಸ್ತ್ರಿಗೆ ಇವತ್ತು ಏನು ಕೆಲಸ ಹೇಳಿದೀರ?"

"ಅಕ್ಕ ಹೇಳಿರ್ತಾಳೆ."

"ಹಾಗಾದ್ರೆ ನಿಮ್ಮ ಕೆಲಸ?"

"ಒಟ್ಟಾರೆ ಉಸ್ತುವಾರಿ ಸಾರ್."

"ಉಸ್ತುವಾರಿಗೆ ಊಟದ ಹೊತ್ತಿಗಾ ಬರೋದು?" ಅಂತ ಎದ್ದು ಪಂಚೆಯ ಮರಳು ಕೊಡವಿದ್ರು. "ನೋಡಿ, ಕೆಲಸ ಮಾಡದೋರಿಗೆ ಸಂಬಳ ಬರೆದ್ರೆ ನಾಳೆ ಅಧಿಕಾರಿ ಕೇಳಿದಾಗ ನಾನು ತಲೆ ತಗ್ಗಿಸಬೇಕು. ಅದಲ್ದೆ ನಿಮಗೆ ಪೆನ್ಷನ್ ಇದೆ, ಅದರ ಮೇಲೆ ಸಂಬಳ ಸೇರಿದ್ರೆ ಮೇಲಿನ ರೇಟಲ್ಲಿ ಟ್ಯಾಕ್ಸು ಬೀಳತ್ತೆ. ಇವರಿಗೆ ಬೇರೆ ಆದಾಯ ಇಲ್ಲ, ಬಿದ್ರೂ ಕಮ್ಮಿ. ಸಂಬಳ ಇವರಿಗೇ ಬರೀತೀನಿ. ಸಹಿನೂ ಇವರದ್ದು. ನೀವು ದುಡ್ಡು ಹಾಕಿ, ಪಾಲು ತಗೊಂಡು ಆರಾಮಾಗಿರಿ."

ಆರಾಮಾಗಿರಿ ಅಂದಿದ್ದು ಕೇಳಿ ನಾನು ಗಾರೆ ಕೈಲೇ ಬಾಯಿ ಮುಚ್ಕೊಂಡೆ. ಒಂದು ವಾರ ಬಾಯೆಲ್ಲ ಸುಣ್ಣದ ರುಚಿ.

ಆದ್ರೂ ಅವರು ಹೊರಟಾಗ ಗೇಟಲ್ಲಿ ನಿಲ್ಲಿಸಿ ಕೇಳ್ದೆ. "ನನಗೆ ಸಂಬಳ ಕೊಟ್ರೆ ಟ್ಯಾಕ್ಸು ಜಾಸ್ತಿ ಆಗೋ ಹಾಗಿದ್ದಿದ್ರೂ ನನ್ನ ಹೆಸರೇ ಬರೀತಿದ್ರಾ?"

"ಕೆಲಸ ಮಾಡೋರ ಹೆಸರು ಬರೀತಿದ್ದೆ."

ನಿಜಾನಾ ಅಂತ ಕಿವಿ ನೋಡಕ್ಕೆ ಹೋದೆ. ಕೊಡೆ ಅಡ್ಡ ಇತ್ತು.

ಹೊಸ ಪತ್ರದಲ್ಲಿ ಅವರೇ ಒಂದು ಸಾಲು ಸೇರಿಸಿದ್ರು: ನನ್ನ ಸಹಿ ಇಲ್ಲದೆ ಮನೆ ಕೊಳ್ಳೋ ಹಾಗಿಲ್ಲ, ಮಾರೋ ಹಾಗಿಲ್ಲ, ಫರ್ಮಿನ ರೂಪಾನೂ ಬದಲಾಯಿಸೋ ಹಾಗಿಲ್ಲ. ಅಷ್ಟು ಮಾಡಿದ್ರು ಅಂತ ನನ್ನ ಮೇಲೆ ಕರುಣೆ ಅಂದ್ಕೋಬೇಡಿ. ಆಮೇಲೆ ಬಸವನಗುಡೀಲಿ ರಿಪೇರಿ ಮಾಡಿಸಿದ್ದ ಮನೆಗೆ ಒಬ್ಬ ಒಳ್ಳೇ ಗಿರಾಕಿ ಬಂದಿದ್ದ, ಅರ್ಧ ಹಣ ನಗದಲ್ಲಿ ಕೊಡ್ತೀನಿ, ಕ್ರಯಪತ್ರದಲ್ಲಿ ತೋರಿಸ್ಬೇಡಿ ಅಂದ. ಬೇರೆಯವರೆಲ್ಲ ಮಾಡ್ತಾರಲ್ಲ ಅಂತ ನಾನೂ ಒಂದು ಮಾತು ಆಡ್ದೆ. ಕಿವಿ ಬೀಟ್ರೂಟ್ ಆಯ್ತು. "ನಿಮ್ಮ ಕೆಲಸ ನೋಡಿ ಸಂಬಳ ಬರೆದಿದೀನಿ, ನಿಮ್ಮ ಆಟ ನೋಡಿ ಅಲ್ಲ" ಅಂದ್ರು. ಗಿರಾಕಿ ಹೋದ. ಅವನ ಹಿಂದೆ ಆ ಮಳೆಗಾಲ ಪೂರ್ತಿ ಗಿರಾಕಿಗಳೇ ಬರಲಿಲ್ಲ. ನಾನು ಅವರ ಬೀದೀಲಿ ಹೋಗೋವಾಗ ಮುಖ ಆ ಕಡೆ ತಿರುಗಿಸ್ಕೊಂಡೇ ಹೋಗ್ತಿದ್ದೆ.

ಆಮೇಲೆ ಅವರು ಹಾಸಿಗೆ ಹಿಡಿದ್ರು. ಅದನ್ನೇ ಕಾಯ್ತಿದ್ದೋನ ಥರ ತಮ್ಮ ಹೊಸಾ ಆಡಿಟರ್ ಒಬ್ಬನ್ನ ಹಿಡ್ಕೊಂಡು ಬಂದ. ಗಾಜಿನ ಆಫೀಸು, ಕುತ್ತಿಗೆಗೆ ಟೈ. "ಮೇಡಂ, ಪ್ರೈವೇಟ್ ಲಿಮಿಟೆಡ್ ಮಾಡೋಣ, ಟ್ಯಾಕ್ಸ್ ರೇಟು ಕಮ್ಮಿ" ಅಂದ. ಕಂಪನಿಗೆ ಡೈರೆಕ್ಟರುಗಳು ಯಾರು? ತಮ್ಮ, ತಮ್ಮನ ಹೆಂಡತಿ. ನಾನು? "ಗೌರವ ಸಲಹೆಗಾರರು." ಗೌರವ ಅಂತೆ! ಆರಾಮಿನ ಒಡಹುಟ್ಟಿದ ತಂಗಿ ಈ ಗೌರವ. "ಲಾಭ ತೆಗೆಯೋವಾಗ ಇನ್ನೊಂದ್ಸಲ ಟ್ಯಾಕ್ಸು ಬೀಳಲ್ವೇನಪ್ಪಾ?" ಅಂತ ಕೇಳ್ದೆ. ಟೈ ಸರಿಮಾಡ್ಕೊಂಡ.

ನಾನು ಸಹಿ ಹಾಕಲಿಲ್ಲ. ಅವರಿಬ್ಬರ ಎದುರಿಗೇ ಏನೇನು ಹೇಳಬೇಕೋ ಎಲ್ಲಾ ಹೇಳ್ದೆ, ಪಕ್ಕದ ಮನೆಯೋರು ಬಂದು ಕಿಟಕಿ ಹತ್ರ ನಿಂತ್ರು. ಫರ್ಮು ಹಾಗೇ ಇದೆ. ನಾಳೆ ಬೆಳಿಗ್ಗೇನೂ ನಾನು ಸೈಟಿಗೆ ಹೋಗ್ತೀನಿ. ತಮ್ಮ ಯುಗಾದಿಗೆ ಹೋಳಿಗೆ ಕಳಿಸಿದ, ತಾನು ಬರಲಿಲ್ಲ.

ಆದ್ರೆ ಆಡಿಟರ್ರ ಮೇಲೆ ಕೋಪ ಇಳಿದಿಲ್ಲ. ಯಾಕಂದ್ರೆ ಈ ಜಗಳಕ್ಕೆ ಹೋಗೋ ಮುಂಚೆ ನಾನು ಅವರ ಮನೆಗೆ ಹೋಗಿದ್ದೆ. ಮಂಚಾನ ಆಫೀಸು ರೂಮಿಗೇ ಹಾಕಿಸ್ಕೊಂಡಿದ್ರು. ಧ್ವನಿ ಅರ್ಧ ಹೋಗಿತ್ತು. ಅದೇ ಅವರನ್ನ ನಾನು ಕೊನೇ ಸಲ ನೋಡಿದ್ದು. ಸಹಿ ಹಾಕದೆ ಇರಬಹುದಿತ್ತು, ಆದ್ರೆ ಒಡಹುಟ್ಟಿದೋನ ಜೊತೆ ಜಗಳ ಬೇಕಿರಲಿಲ್ಲ. ಎಲ್ಲಾ ಹೇಳಿ ಗೋಗರೆದೆ, ನಾನು ಯಾರ ಹತ್ರಾನೂ ಗೋಗರೆಯೋಳಲ್ಲ: "ನನ್ನ ತಮ್ಮ ನಿಮ್ಮ ಮಾತು ಮೀರಲ್ಲ. ಒಂದೇ ಒಂದು ಫೋನ್ ಮಾಡಿ. ಅಕ್ಕನ್ನ ತೆಗೀಬೇಡ ಅಂತ ನನ್ನ ಪರವಾಗಿ ಹೇಳಿ, ಸಾಕು."

"ಆಗಲ್ಲ."

"ಈ ಸ್ಥಿತೀಲೂ ಆಗಲ್ಲ ಅಂತೀರಲ್ರೀ! ನಿಮಗೆ ಹೃದಯ ಇದೆಯೇನ್ರೀ?" ಅಂತ ಕೂಗಿಬಿಟ್ಟೆ. ಅವರ ಹೆಂಡತಿ ಒಳಗಿಂದ ಗಾಬರಿಯಾಗಿ ಓಡಿ ಬಂದ್ರು.

ಆಡಿಟರ್ರಿಗೆ ಉಸಿರು ಕೂಡಿಸ್ಕೊಳ್ಳಕ್ಕೆ ಹೊತ್ತು ಹಿಡೀತು. ಆಮೇಲೆ ಅಂದ್ರು: "ಅವತ್ತು ನಿಮ್ಮ ಬದಲು ನಿಮ್ಮ ತಮ್ಮ ಮಾತಾಡಿದ್ರು ಅಂತ ತಾನೇ ನನ್ನ ಮೇಲೆ ಹಾರಾಡಿದ್ದು? ಇವತ್ತು ನಿಮ್ಮ ಬದಲು ನಾನು ಮಾತಾಡ್ಬೇಕಾ? ಇಲ್ಲಿ ಕೂಗಿದ್ದು ಸಾಕು, ಎದ್ದೇಳಿ ಅಮ್ಮಾ. ಇದೇ ಗಂಟಲಲ್ಲಿ ಅಲ್ಲಿ ಹೋಗಿ ಕೂಗಿ."